ಮೊದಲು ಧ್ವನಿವರ್ಧಕ, ಆಮೇಲೆ ವಾಲ್ವು

ಹೋದ ತಿಂಗಳು ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಒಂದು ರಟ್ಟಿನ ಪೆಟ್ಟಿಗೆಯನ್ನು ಎರಡು ಕೈಗಳಿಂದಲೂ ತಬ್ಬಿಕೊಂಡು ನಮ್ಮ ಮನೆಗೆ ಬಂದನು. ಅದರಲ್ಲಿದ್ದುದು ಅವನೇ ಕೂಡಿಸಿದ ವಾಲ್ವ್ ಆಂಪ್ಲಿಫಯರು. ಎಡಕ್ಕೊಂದು, ಬಲಕ್ಕೊಂದು ಇಎಲ್ ೮೪ ವಾಲ್ವು. ಟ್ರಾನ್ಸ್‌ಫಾರ್ಮರುಗಳನ್ನು ಬೆಂಗಳೂರಿನ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಅಲೆದು ತಂದದ್ದು. ಬೆಸುಗೆಯ ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಹುಡುಗನ ಮುಖದಲ್ಲಿ ಸಂತೋಷವಿರಲಿಲ್ಲ.

“ಸಾರ್, ಮೆಲ್ಲಗೆ ಇಟ್ಟರೆ ಹಾಡು ಚೆನ್ನಾಗಿಯೇ ಬರುತ್ತದೆ. ಸ್ವಲ್ಪ ಜೋರು ಮಾಡಿದರೆ ಮೃದಂಗದ ಪೆಟ್ಟೆಲ್ಲ ಒಡೆದುಹೋಗುತ್ತದೆ. ೫ ವಾಟ್ ಸಾಲದು. ೫೦ ವಾಟಿನದೊಂದನ್ನು ಕಟ್ಟಬೇಕೆಂದು ಹಣ ಕೂಡಿಸುತ್ತಿದ್ದೇನೆ.”

“ಯಾವ ಸ್ಪೀಕರಿಗೆ ಜೋಡಿಸಿದ್ದೀಯಪ್ಪಾ?” ಎಂದು ಕೇಳಿದೆವು.

ಅವನಿಗೆ ಆಶ್ಚರ್ಯವಾಯಿತು. ಸ್ಪೀಕರು ಯಾವುದಾದರೇನು, ಒಳ್ಳೆಯ ಕಂಪನಿಯದಾದರೆ ಸಾಲದೆ, ಎಂಬುದು ಅವನ ಭಾವನೆ. ಈ ಭಾವನೆ ಅವನೊಬ್ಬನದಲ್ಲ. ಇಂದು ವಾಲ್ವುಗಳ ಮೋಹಕ್ಕೆ ಬಿದ್ದಿರುವ ನೂರಾರು ತರುಣರದೂ, ಅವರಿಗಿಂತ ಹಿರಿಯರಾದ ಎಷ್ಟೋ ಮಂದಿಯದೂ ಹೌದು. ಕತ್ತಲೆಯಲ್ಲಿ ಕೆಂಡದಂತೆ ಹೊಳೆಯುವ ಗಾಜಿನ ಬುರುಡೆಗಳು ಕಣ್ಣನ್ನು ಸೆಳೆಯುತ್ತವೆ. ಹಣವೆಲ್ಲ ಅವುಗಳಿಗೇ ಹೋಗುತ್ತದೆ. ಉಳಿದ ಚಿಲ್ಲರೆಯಲ್ಲಿ ಸ್ಪೀಕರು. ಇದು ತಲೆಕೆಳಗಾದ ಕ್ರಮವೆಂಬುದು ನಮ್ಮ ಅಭಿಪ್ರಾಯ. ವಾಲ್ವ್ ಆಂಪ್ಲಿಫಯರನ್ನು ಬಯಸುವವನು ಮೊದಲು ಸ್ಪೀಕರನ್ನು ಆರಿಸಬೇಕು, ಅನಂತರ ಅದಕ್ಕೆ ತಕ್ಕ ವಾಲ್ವನ್ನು.

ಕನ್ನಡದಲ್ಲಿ ನಾವು ಈ ಸ್ಪೀಕರಿಗೆ ‘ಧ್ವನಿವರ್ಧಕ’ವೆಂದು ಹೆಸರಿಟ್ಟಿರುವುದೇ ಸ್ವಲ್ಪ ದಾರಿತಪ್ಪಿಸುವ ಮಾತು. ಅದು ಯಾವುದನ್ನೂ ವರ್ಧಿಸುವುದಿಲ್ಲ. ೧೯೨೫ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ವಿವರಿಸಿದ ಮಾದರಿಯೇ ಇಂದಿಗೂ ಬಹುಮಟ್ಟಿಗೆ ನಡೆದು ಬಂದಿದೆ: ಬಲವಾದ ಅಯಸ್ಕಾಂತದ ಸಂದಿನಲ್ಲಿ ಒಂದು ತಂತಿಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ವಿದ್ಯುತ್ತು ಹರಿದಾಗ ಸುರುಳಿ ಅಲುಗುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ಆದರೆ ಗಾಳಿ ಬಹಳ ಹಗುರವಾದ ವಸ್ತು; ಶಂಕು ಅದನ್ನು ಹಿಡಿದು ತಳ್ಳಲಾರದೆ ಬೀಸಣಿಗೆಯಂತೆ ಬೀಸಿ ಸುಮ್ಮನಾಗುತ್ತದೆ. ಒಂದು ಸಾಧಾರಣ ಸ್ಪೀಕರು ತನಗೆ ಬಂದ ವಿದ್ಯುಚ್ಛಕ್ತಿಯಲ್ಲಿ ಶೇಕಡ ೧ರಷ್ಟನ್ನು ಶಬ್ದವಾಗಿ ಮಾರ್ಪಡಿಸಿದರೆ ಅದನ್ನು ಚುರುಕಾದ ಸ್ಪೀಕರೆಂದೇ ಎಣಿಸಬೇಕು. ಉಳಿದ ೯೯ ಪಾಲು ಸುರುಳಿಯನ್ನು ಬಿಸಿಮಾಡಿ ಮುಗಿಯುತ್ತದೆ. ಇಷ್ಟು ದುಂದುಗಾರನನ್ನು ವರ್ಧಕವೆಂದು ಕರೆಯುವುದು ಸಾಲಗಾರನನ್ನು ಸಾಹುಕಾರನೆಂದು ಕರೆದಂತೆಯೇ ಸರಿ.

ಈ ದುಂದು ಎಲ್ಲ ಸ್ಪೀಕರುಗಳಲ್ಲಿಯೂ ಒಂದೇ ಸಮನಾಗಿಲ್ಲ. ಇಲ್ಲಿಯೇ ವಿಷಯದ ಮರ್ಮವಿರುವುದು. ೧ ವಾಟ್ ಕೊಟ್ಟಾಗ ೧ ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಶಬ್ದ ಕೇಳುತ್ತದೆಂಬುದನ್ನು ಸೆನ್ಸಿಟಿವಿಟಿ, ಎಂದರೆ ಸಂವೇದಿತೆ ಎನ್ನುತ್ತಾರೆ. ಮೇಲೆ ಹೇಳಿದ ಶೇಕಡ ೧ರ ಸ್ಪೀಕರಿನ ಸಂವೇದಿತೆ ಸುಮಾರು ೯೨ ಡೆಸಿಬೆಲ್. ಡೆಸಿಬೆಲ್ಲಿನ ಲೆಕ್ಕ ಕೂಡಿಕೆಯದಲ್ಲ, ಗುಣಾಕಾರದ್ದು: ೩ ಡೆಸಿಬೆಲ್ ಹೆಚ್ಚಬೇಕಾದರೆ ಶಕ್ತಿ ಇಮ್ಮಡಿಯಾಗಬೇಕು, ೧೦ ಡೆಸಿಬೆಲ್ ಹೆಚ್ಚಬೇಕಾದರೆ ಹತ್ತುಮಡಿಯಾಗಬೇಕು. ಹೀಗೆ ಹತ್ತುಮಡಿ ಶಕ್ತಿ ಸುರಿದರೂ ನಮ್ಮ ಕಿವಿಗೆ ಶಬ್ದವು ಸುಮಾರು ಇಮ್ಮಡಿಯಾಯಿತೆಂದು ಮಾತ್ರ ತೋರುತ್ತದೆ.

ಈಗ ನಮ್ಮ ವಿದ್ಯಾರ್ಥಿಯ ಲೆಕ್ಕಕ್ಕೆ ಬರೋಣ. ಅವನ ಸ್ಪೀಕರುಗಳು ಪುಸ್ತಕದ ಕಪಾಟಿನಲ್ಲಿ ಹಿಡಿಸುವಂಥ ಪುಟ್ಟ ಪೆಟ್ಟಿಗೆಗಳು, ಸಂವೇದಿತೆ ೮೪. ಆಂಪ್ಲಿಫಯರಿನ ೫ ವಾಟುಗಳು ಇದಕ್ಕೆ ೭ ಡೆಸಿಬೆಲ್ ಕೂಡಿಸಿದರೆ ೯೧. ಅದರ ಮೇಲೆ ಒಂದು ಹೆಜ್ಜೆಯೂ ಇಲ್ಲ. ಸಂಗೀತದ ಸರಾಸರಿ ಮಟ್ಟಕ್ಕಿಂತ ಅದರ ಕ್ಷಣಿಕ ಶಿಖರಗಳು ೧೫ ಡೆಸಿಬೆಲ್ಲಿನಷ್ಟು ಮೇಲೇಳುವುದು ಸಾಮಾನ್ಯ. ಮೃದಂಗದ ಚಾಪು ಅಂಥದೊಂದು ಶಿಖರ. ಆ ಶಿಖರಕ್ಕೆ ಎಡೆ ಬಿಡಬೇಕಾದರೆ ಹಾಡು ೭೬ರ ಮಟ್ಟದಲ್ಲಿಯೇ ನಡೆಯಬೇಕು, ಅದೂ ಒಂದು ಮೀಟರಿನ ಹತ್ತಿರದಲ್ಲಿ. ದೂರ ಇಮ್ಮಡಿಯಾದಂತೆಲ್ಲ ಬಯಲಿನಲ್ಲಿ ೬ ಡೆಸಿಬೆಲ್ ಕಳೆದುಹೋಗುತ್ತದೆ. ಕೋಣೆಯ ಗೋಡೆಗಳು ಪ್ರತಿಫಲಿಸುವುದರಿಂದ ಮನೆಯೊಳಗೆ ನಷ್ಟ ಅಷ್ಟಿಲ್ಲವಾದರೂ ಇದ್ದೇ ಇದೆ. ಹುಡುಗನು ಗುಂಡಿಯನ್ನು ತಿರುಗಿಸಿದಾಗ ಚಾಪು ಒಡೆಯದೆ ಇನ್ನೇನಾದೀತು?

೫೦ ವಾಟಿನ ಆಂಪ್ಲಿಫಯರು ಕಟ್ಟಿದರೆ ಅವನಿಗೆ ೧೦ ಡೆಸಿಬೆಲ್ ದೊರಕುವುದು ನಿಜ. ಆದರೆ ವಾಲ್ವಿನಿಂದ ೫೦ ವಾಟ್ ಪಡೆಯುವುದೆಂದರೆ ದೊಡ್ಡ ವಾಲ್ವುಗಳು, ಇನ್ನೂ ಎತ್ತರದ ವೋಲ್ಟೇಜು, ಕಲ್ಲಿನಂತೆ ತೂಗುವ ಟ್ರಾನ್ಸ್‌ಫಾರ್ಮರುಗಳು. ಅದೇ ೧೦ ಡೆಸಿಬೆಲ್ಲನ್ನು ೮೪ರ ಬದಲು ೯೪ರ ಸ್ಪೀಕರಿನಿಂದ ಪಡೆಯಬಹುದು. ನಮ್ಮ ಅಟ್ಟದ ಮೇಲೆ ಹಳೆಯ ರೇಡಿಯೋಗ್ರಾಮಿನಿಂದ ಬಿಚ್ಚಿಟ್ಟ ೧೦ ಅಂಗುಲದ ಕಾಗದದ ಸ್ಪೀಕರೊಂದಿತ್ತು. ಮೂರಡಿ ಚದರದ ಹಲಗೆಗೆ ತೂತು ಕೊರೆದು ಅದನ್ನು ಕೂರಿಸಿದೆವು. ಹಲಗೆಯಿಲ್ಲದಿದ್ದರೆ ಶಂಕುವಿನ ಹಿಂದಿನ ಅಲೆ ಮುಂದಿನ ಅಲೆಯನ್ನು ಸುತ್ತಿಬಂದು ಅಳಿಸಿಬಿಡುತ್ತದೆ. ಜೋಡಿಸಿ ಹಾಡಿಸಿದಾಗ ಹುಡುಗನು ಐದು ನಿಮಿಷ ಮಾತಾಡಲಿಲ್ಲ. ಅದೇ ೫ ವಾಟ್, ಅದೇ ವಾಲ್ವು. ಪಕ್ಕದ ಮನೆಯವರು ಕಿಟಕಿಯಿಂದ ಇಣುಕಿ ನೋಡಿದರು.

ಇದರಲ್ಲಿ ಮಾಯವೇನೂ ಇಲ್ಲ. ಊರ ಜಾತ್ರೆಯಲ್ಲಿ ಮರಕ್ಕೆ ಕಟ್ಟಿದ ತಗಡಿನ ಹಾರನ್ನುಗಳನ್ನು ವಾಚಕರು ನೋಡಿರಬಹುದು. ಕೆಲವೇ ವಾಟುಗಳ ವಾಲ್ವ್ ಆಂಪ್ಲಿಫಯರಿನಿಂದ ಹಿಂದೆ ಅವು ಊರಾಚೆಯ ಹೊಲದವರೆಗೂ ಹಾಡು ಕೇಳಿಸುತ್ತಿದ್ದವು. ಕಹಳೆಯ ಆಕಾರವು ಚಿಕ್ಕ ತಗಡಿನ ಅಲುಗಾಟಕ್ಕೂ ದೊಡ್ಡ ಬಯಲಿನ ಗಾಳಿಗೂ ನಡುವೆ ಸಂಧಾನ ಮಾಡುತ್ತದೆ. ಈ ತತ್ತ್ವವನ್ನೇ ಮನೆಯ ಮೂಲೆಗೆ ತಂದು ೧೯೪೬ರಲ್ಲಿ ಅಮೆರಿಕದ ಪಾಲ್ ಕ್ಲಿಪ್ಷ್ ಎಂಬಾತನು ತನ್ನ ‘ಕ್ಲಿಪ್ಷ್‌ಹಾರ್ನ್’ ಸ್ಪೀಕರನ್ನು ಮಾರಾಟಕ್ಕಿಟ್ಟನು. ಅದರ ಸಂವೇದಿತೆ ೧೦೦ನ್ನು ದಾಟುತ್ತದೆ. ಗಾತ್ರವೂ ಹಾಗೆಯೇ: ಬಟ್ಟೆಯ ಬೀರುವನ್ನು ಮೂಲೆಯಲ್ಲಿ ನಿಲ್ಲಿಸಿದಂತೆ.

ಹಾಗಾದರೆ ಸ್ಪೀಕರುಗಳು ಕ್ರಮೇಣ ಹೀಗೆ ಮಂದವಾದದ್ದೇಕೆ? ತಯಾರಕರು ಮೋಸಮಾಡಿದರೆಂದು ತಿಳಿಯಬಾರದು. ೧೯೫೪ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕದ ಉಪಜ್ಞೆಗಾರನು ಗಾಳಿ ಆಡದಂತೆ ಮುಚ್ಚಿದ ಪುಟ್ಟ ಪೆಟ್ಟಿಗೆಯಿಂದಲೂ ಗಂಭೀರವಾದ ಮಂದ್ರಸ್ವರಗಳನ್ನು ಹೊರಡಿಸಿ ತೋರಿಸಿದನು. ಬೀರುವಿನಂಥ ಪೆಟ್ಟಿಗೆಗಳಿಂದ ಗೃಹಿಣಿಯರಿಗೆ ಬಿಡುಗಡೆಯಾಯಿತು. ಆದರೆ ಪ್ರಕೃತಿ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ವಿಲ್ಚರನ ಸಮಕಾಲೀನನಾದ ಆಂಟನ್ ಹಾಫ್‌ಮನ್ನನ ಹೆಸರಿನಲ್ಲಿ ‘ಉಕ್ಕಿನ ನಿಯಮ’ವೆಂಬುದೊಂದು ಪ್ರಸಿದ್ಧವಾಗಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸಂವೇದಿತೆ, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ವಿಲ್ಚರನು ಬಿಟ್ಟುಕೊಟ್ಟದ್ದು ಮೂರನೆಯದನ್ನು. ಬಳಿಕ ಟ್ರಾನ್ಸಿಸ್ಟರುಗಳು ಬಂದು ವಾಟುಗಳು ಅಗ್ಗವಾದವು; ನೂರು ವಾಟನ್ನು ಯಾರೂ ಲೆಕ್ಕಕ್ಕಿಡದಂತಾಯಿತು. ಸ್ಪೀಕರು ಎಷ್ಟು ದುಂದುಮಾಡಿದರೂ ಕೇಳುವವರಿಲ್ಲ. ಇಂದು ಅಂಗಡಿಯಲ್ಲಿ ಸಿಗುವ ಪುಟ್ಟ ಪೆಟ್ಟಿಗೆಗಳು ಆ ಸಂಪ್ರದಾಯದ ಮಕ್ಕಳು. ಟ್ರಾನ್ಸಿಸ್ಟರಿನ ಜೊತೆಯಲ್ಲಿ ಅವು ಸೊಗಸಾಗಿ ಹಾಡುತ್ತವೆ. ಬಡ ವಾಲ್ವಿನ ಮನೆಗೆ ಅವನ್ನು ತಂದರೆ ಮಾತ್ರ ಸಂಸಾರ ನಡೆಯುವುದಿಲ್ಲ.

ಇನ್ನೊಂದು ವಿಷಯ ಸ್ವಲ್ಪ ಕಠಿಣವಾದುದು. ಆದರೆ ವಾಲ್ವಿನ ಬಗೆಗೆ ಹೇಳಲಾಗುವ ಅರ್ಧದಷ್ಟು ಪುರಾಣಗಳ ಮೂಲ ಇಲ್ಲಿದೆಯಾದ್ದರಿಂದ ಬಿಡುವಂತಿಲ್ಲ.

ವಾಲ್ವು ಎತ್ತರದ ವೋಲ್ಟೇಜಿನಲ್ಲಿ ಅಲ್ಪ ಪ್ರವಾಹವನ್ನು ಹರಿಸುವ ಸಾಧನ. ತನ್ನೆದುರು ಸಾವಿರಾರು ಓಮುಗಳ ಹೊರೆಯನ್ನು ಬಯಸುತ್ತದೆ. ಸ್ಪೀಕರಾದರೋ ೪ ಅಥವಾ ೮ ಓಮಿನದು. ಇವೆರಡರ ನಡುವೆ ದುಭಾಷಿಯಾಗಿ ನಿಲ್ಲುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಅದರ ಸುತ್ತುಗಳ ಪ್ರಮಾಣ ೨೫ಕ್ಕೆ ೧ ಆಗಿದ್ದರೆ ಓಮುಗಳ ಪ್ರಮಾಣ ಅದರ ವರ್ಗ, ಎಂದರೆ ೬೨೫ಕ್ಕೆ ೧. ೮ ಓಮಿನ ಸ್ಪೀಕರು ವಾಲ್ವಿಗೆ ೫,೦೦೦ ಓಮಾಗಿ ಕಾಣುತ್ತದೆ. ಲೆಕ್ಕ ಸರಿಹೋಯಿತೆಂದು ಸಂತೋಷಪಡುವಷ್ಟರಲ್ಲಿ ಸ್ಪೀಕರು ಕೈಕೊಡುತ್ತದೆ. ಅದರ ಹಿಂದೆ ಬರೆದಿರುವ ೮ ಓಮ್ ಒಂದು ಶಿಷ್ಟಾಚಾರದ ಮಾತು. ಅದರ ಪ್ರತಿಬಾಧೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ: ಮಂದ್ರದಲ್ಲಿ ಶಂಕು ತಾನಾಗಿ ಅನುರಣಿಸುವ ಕಡೆ ೪೦ ಓಮಿಗೆ ಏರಬಹುದು, ಮತ್ತೊಂದು ಕಡೆ ೬ಕ್ಕೆ ಇಳಿಯಬಹುದು.

ಆಂಪ್ಲಿಫಯರಿಗೂ ಒಳಗಿನ ಪ್ರತಿಬಾಧೆಯೊಂದಿದೆ. ಟ್ರಾನ್ಸಿಸ್ಟರಿನದರಲ್ಲಿ ಅದು ನಗಣ್ಯ. ೧೯೨೭ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಕಂಡುಹಿಡಿದ ‘ಋಣ ಹಿಮ್ಮಾಹಿತಿ’ಯ ಉಪಾಯವನ್ನು ಬಳಸದ ಸರಳ ವಾಲ್ವ್ ಆಂಪ್ಲಿಫಯರಿನಲ್ಲಿ ಅದು ೩ ಓಮ್ ಇರುವುದುಂಟು. ಆಗ ೬ ಓಮಿನ ಸ್ವರಕ್ಕೆ ವೋಲ್ಟೇಜಿನ ಒಂಬತ್ತರಲ್ಲಿ ಆರು ಪಾಲು ಸಲ್ಲುತ್ತದೆ; ೪೦ ಓಮಿನ ಸ್ವರಕ್ಕೆ ನಲವತ್ತಮೂರರಲ್ಲಿ ನಲವತ್ತು ಪಾಲು. ಇವೆರಡರ ಅಂತರ ಸುಮಾರು ೩ ಡೆಸಿಬೆಲ್. ಕಿವಿಗೆ ಸ್ಪಷ್ಟವಾಗಿ ತಿಳಿಯುವ ಅಂತರ ಇದು. ಮಂದ್ರವು ದಪ್ಪವಾಗಿ, ದುಂಡಾಗಿ ಕೇಳಿಸುತ್ತದೆ. ಕೇಳಿದವರು “ಆಹಾ, ವಾಲ್ವಿನ ಮಾಧುರ್ಯ!” ಎನ್ನುತ್ತಾರೆ. ಆ ಮಾಧುರ್ಯದಲ್ಲಿ ದೊಡ್ಡದೊಂದು ಪಾಲು ಸ್ಪೀಕರಿನ ಏರಿಳಿತಗಳ ಪಡಿನೆರಳು. ಅದೇ ಆಂಪ್ಲಿಫಯರನ್ನು ಬೇರೊಂದು ಸ್ಪೀಕರಿಗೆ ಕಟ್ಟಿದರೆ ಮಾಧುರ್ಯವು ಗೊಗ್ಗರವಾಗಿ ಕೇಳಬಹುದು. ೧೯೮೫ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಇಂಜಿನಿಯರನು ಬೆಲೆಬಾಳುವ ವಾಲ್ವ್ ಆಂಪ್ಲಿಫಯರೊಂದರ ಧ್ವನಿಯನ್ನು ತನ್ನ ಟ್ರಾನ್ಸಿಸ್ಟರಿನ ಆಂಪ್ಲಿಫಯರಿನಲ್ಲಿ ಅನುಕರಿಸುವುದಾಗಿ ಪಂಥ ಕಟ್ಟಿ, ಎರಡರ ವ್ಯತ್ಯಾಸವನ್ನು ಅಳೆದಳೆದು ತಗ್ಗಿಸಿದನು. ‘ಸ್ಟೀರಿಯೋಫೈಲ್’ ಪತ್ರಿಕೆಯ ಅನುಭವಿಗಳಿಗೆ ಕೊನೆಯಲ್ಲಿ ಭೇದ ತಿಳಿಯಲಿಲ್ಲ. ವಾಲ್ವಿನ ಭಕ್ತರಿಗೆ ಈ ಕಥೆ ರುಚಿಸುವುದಿಲ್ಲ. ನಮಗೆ ವಾಲ್ವಿನ ಮೇಲೆ ದ್ವೇಷವಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತ್ತೆಂಬ ಅಭಿಮಾನವೂ ಉಂಟು. ಆದರೆ ಅಳತೆಗೆ ಸಿಗುವ ಕಾರಣವಿರುವಾಗ ಪವಾಡವನ್ನು ಕರೆಯಬೇಕಾಗಿಲ್ಲ.

ಆದುದರಿಂದ ಅಂಗಡಿಗೆ ಹೋಗುವ ವಿದ್ಯಾರ್ಥಿಯು ಸಂವೇದಿತೆ ೯೦ಕ್ಕಿಂತ ಕಡಮೆಯಾದುದನ್ನು, ತನ್ನ ಆಂಪ್ಲಿಫಯರು ೧೦ ವಾಟಿನೊಳಗಿನದಾದರೆ, ಮುಟ್ಟದಿರುವುದು ಲೇಸು. ಸಂವೇದಿತೆಯನ್ನು ೧ ವಾಟಿಗೆ ಹೇಳಿದೆಯೋ ೨.೮೩ ವೋಲ್ಟಿಗೆ ಹೇಳಿದೆಯೋ ನೋಡಬೇಕು. ೮ ಓಮಿನ ಸ್ಪೀಕರಿಗೆ ಎರಡೂ ಒಂದೇ. ೪ ಓಮಿನದಕ್ಕೆ ೨.೮೩ ವೋಲ್ಟೆಂದರೆ ೨ ವಾಟ್, ಅಂದರೆ ೩ ಡೆಸಿಬೆಲ್ಲಿನ ಪೊಳ್ಳು ಹೆಚ್ಚಳ. ಪ್ರತಿಬಾಧೆಯ ರೇಖಾಚಿತ್ರವನ್ನು ಕೇಳಿ ನೋಡಬೇಕು. ಅದು ೬ ಓಮಿಗಿಂತ ಕೆಳಗಿಳಿಯದಿದ್ದರೆ, ಏರಿಳಿತ ಸೌಮ್ಯವಾಗಿದ್ದರೆ, ಸಂಬಂಧ ಕೂಡಿಬರುತ್ತದೆ. ನಿಯಮಕ್ಕೆ ಅಪವಾದಗಳೂ ಇವೆ. ಇಂಗ್ಲೆಂಡಿನ ಪೀಟರ್ ವಾಕರನು ೧೯೫೭ರಲ್ಲಿ ಹೊರತಂದ ‘ಕ್ವಾಡ್’ ಸ್ಥಿರವಿದ್ಯುತ್ ಸ್ಪೀಕರು ಸಂವೇದಿತೆಯಲ್ಲಿ ಮಂದ, ಪ್ರತಿಬಾಧೆಯಲ್ಲಿ ವಕ್ರ; ಆದರೂ ಅದೇ ಮನೆಯ ೧೫ ವಾಟಿನ ವಾಲ್ವ್ ಆಂಪ್ಲಿಫಯರಿನೊಡನೆ ಅದು ಹಾಡುವುದನ್ನು ಮೆಚ್ಚದವರಿಲ್ಲ. ಎರಡನ್ನೂ ಮಾಡಿದ ತಲೆ ಒಂದೇ ಆಗಿತ್ತು.

ದೊಡ್ಡ ಶಂಕುವಿನ ಹಳೆಯ ಮಾದರಿಗಳಲ್ಲಿ ಅತಿ ಮಂದ್ರ ದೊರೆಯುವುದಿಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಮಾತು ನಿಜವೇ. ಆದರೆ ಪುರುಷ ಗಾಯಕರ ತಂಬೂರಿಯ ಮಂದ್ರದ ತಂತಿ ಸೆಕೆಂಡಿಗೆ ಸುಮಾರು ೬೫ರಿಂದ ೭೦ ಸಲ ಕಂಪಿಸುತ್ತದೆ. ಅಲ್ಲಿಯವರೆಗೆ ಸರಿಯಾಗಿ ಹಾಡುವ ಸ್ಪೀಕರು ನಮ್ಮ ಸಂಗೀತಕ್ಕೆ ಧಾರಾಳವಾಗಿ ಸಾಕು. ೧೬ ಕಂಪನಗಳ ಪೈಪ್ ಆರ್ಗನ್ನನ್ನು ಕೇಳಬೇಕೆನ್ನುವವರು ಬೀರುವಿನಂಥ ಪೆಟ್ಟಿಗೆಯನ್ನೋ ನೂರಾರು ವಾಟುಗಳನ್ನೋ ಹೊಂದಿಸಿಕೊಳ್ಳಲಿ.

ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ವಾಲ್ವ್ ಆಂಪ್ಲಿಫಯರನ್ನು ಸ್ಪೀಕರಿಲ್ಲದೆ ಎಂದಿಗೂ ಹಾಡಿಸಕೂಡದು. ಹೊರೆಯಿಲ್ಲದ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜು ಮಿತಿಮೀರಿ ಏರಿ ಒಳಗೆ ಕಿಡಿಹಾರಿ ಸುಟ್ಟುಹೋಗಬಹುದು. ಅದರ ಒಳಗೆ ೩೦೦ ವೋಲ್ಟೂ ಅದಕ್ಕಿಂತ ಹೆಚ್ಚೂ ಇರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಅವಿತಿರುತ್ತದೆ. ಬಲ್ಲವರು ಪಕ್ಕದಲ್ಲಿಲ್ಲದೆ ಮುಚ್ಚಳ ತೆಗೆಯಬಾರದು.

ನಮ್ಮ ವಿದ್ಯಾರ್ಥಿಯು ೫೦ ವಾಟಿನ ಯೋಚನೆಯನ್ನು ಸದ್ಯಕ್ಕೆ ಬಿಟ್ಟಿದ್ದಾನೆ. ಹಲಗೆಯನ್ನೂ ಸ್ಪೀಕರನ್ನೂ ಅವನಿಗೇ ಕೊಟ್ಟುಬಿಟ್ಟೆವು. ಅದರ ಜೋಡಿಯನ್ನು ಹುಡುಕುತ್ತ ಈಗ ಭಾನುವಾರಗಳಂದು ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದಾನಂತೆ.