ಎಂಟೂವರೆ ಸಾವಿರದ ರೂಮು ಮತ್ತು ಹಿಂದಿನ ಓಣಿ

ಹೋದ ವಾರ ಒಂದು ಫೋಟೋ ಹಾಕಿದ್ದೆ. ಮಲ್ಲೇಶ್ವರದ ಹಳೇ ಬಂಗಲೆಯೊಂದನ್ನ ಹೋಟೆಲ್ ಮಾಡಿದ್ದಾರೆ, ಅದರ ಜಗಲಿಯಲ್ಲಿ ನಾನು, ನನ್ನ ಹೆಂಡತಿ ಕಾಫಿ ಕುಡೀತಾ ಕೂತಿರೋದು. ಅಷ್ಟೇ. ಕೆಳಗೆ ಬಂದ ಕಾಮೆಂಟು ನೋಡ್ರಿ: "ಶೋಷಿತರು ಅಂತೀರಾ, ಇಷ್ಟೊಂದು ಐಷಾರಾಮ ಎಲ್ಲಿಂದ ಬಂತು?" ಇನ್ನೊಬ್ಬರು: "ದುಡ್ಡಿದ್ರೆ ಯಾವ ಹೋಟೆಲ್ಲಿಗಾದ್ರೂ ಹೋಗಬಹುದು, ಇನ್ನೆಲ್ಲಿ ಜಾತಿ?"

ಇಬ್ಬರಿಗೂ ಉತ್ತರ ಕೊಡ್ತೀನಿ.

ಮೊದಲು ಲೆಕ್ಕ. ನಾನು ಗುಮಾಸ್ತ. ಒಂದು ರಾತ್ರಿಗೆ 8,500 ರೂಪಾಯಿ ನನ್ನ ಸಂಬಳದಲ್ಲಿ ಆಗದ ಮಾತು. ನನ್ನ ಅಕ್ಕನ ಮಗಳಿಗೆ ಕೆಲಸ ಸಿಕ್ತು, ಮೊದಲ ಸಂಬಳದಲ್ಲಿ ನಮಗೆ ಅಂತ ಬುಕ್ ಮಾಡಿದ್ಲು. ಇದನ್ನ ನಿಮಗೆ ಹೇಳಬೇಕಾದ ಅಗತ್ಯವೇ ಇರಲಿಲ್ಲ. ಅದೇ ಜಗಲಿಯಲ್ಲಿ ಕೂತಿದ್ದ ಬೇರೆ ಯಾರನ್ನಾದರೂ ಈ ಪ್ರಶ್ನೆ ಕೇಳಿದ್ದೀರಾ? ನಮ್ಮ ಬಡತನ ನಿಮಗೆ ಸಹಜ, ನಮ್ಮ ಒಂದು ಕಪ್ ಕಾಫಿ ಮಾತ್ರ ತನಿಖೆಯ ವಿಷಯ!

ಈಗ ಎರಡನೆಯವರಿಗೆ. 1917ರಲ್ಲಿ ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬರೋಡಾದ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೆ ಆ ಊರಲ್ಲಿ ತಂಗೋಕೆ ಜಾಗ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹ ಸೇರಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ರೈಲಿನ ಹೊತ್ತಿನವರೆಗೆ ಅವರು ಪಾರ್ಕಿನಲ್ಲಿ ಕೂತಿದ್ದರು. ಅವರ ಬಳಿ ಡಿಗ್ರಿ ಇತ್ತು, ಕೆಲಸ ಇತ್ತು, ರೂಮಿನ ಬಾಡಿಗೆಯೂ ಇತ್ತು. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳ ಹೆಸರು ಹೇಳಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದು ಅಂತ ಬರೆದಿರೋದು ಯಾಕೆ ಅಂತ ಈಗ ಗೊತ್ತಾಯ್ತಾ? ನಾನು ಆ ಜಗಲಿ ಹತ್ತಿದ್ದು ದುಡ್ಡಿನ ಬಲದಿಂದ ಅಲ್ಲ, ಆ ವಿಧಿಯ ಬಲದಿಂದ.

ಹೌದು, ನನ್ನನ್ನ ಯಾರೂ ತಡೆಯಲಿಲ್ಲ. ರಿಸೆಪ್ಷನ್ ಹುಡುಗಿ ನಗುನಗ್ತಾ ಕೀ ಕೊಟ್ಟಳು. ಆದ್ರೆ ಬೆಳಿಗ್ಗೆ ತಿಂಡಿ ಟೇಬಲ್ಲಿನಲ್ಲಿ ಒಬ್ಬರು ಹಿರಿಯರು ಹೆಸರು ಕೇಳಿದರು, ಊರು ಕೇಳಿದರು, ಆಮೇಲೆ "ನೀವು ಯಾವ ಪೈಕಿ?" ಅಂದರು. ಹೇಳಿದೆ. ಮಾತು ಅಲ್ಲಿಗೇ ನಿಂತಿತು. ಪೇಪರ್ ಅಡ್ಡ ಬಂತು. ದೊಣ್ಣೆ ಹೋಗಿದೆ, ಪೇಪರ್ ಬಂದಿದೆ. ಸುಧಾರಣೆ ಅಂತ ಒಪ್ಪಿಕೊಳ್ತೀನಿ, ಜಾತಿ ಇಲ್ಲ ಅಂತ ಮಾತ್ರ ಒಪ್ಪಲ್ಲ.

ರೂಮಿನಲ್ಲಿ ಒಂದು ಪುಸ್ತಿಕೆ ಇಟ್ಟಿದ್ದರು. ತೊಟ್ಟಿ ಮನೆ, ಫಿಲ್ಟರ್ ಕಾಫಿ, ಮಲ್ಲಿಗೆ, ಹಳೇ ಬೆಂಗಳೂರಿನ ಪರಂಪರೆ, ಎಲ್ಲಾ ಇತ್ತು. ಹಿಂದಿನ ಕಿಟಕಿ ತೆಗೆದರೆ ಕಾಣೋ ಓಣಿಯ ಬಗ್ಗೆ ಮಾತ್ರ ಒಂದು ಸಾಲಿಲ್ಲ. ಅದು ಕನ್ಸರ್ವೆನ್ಸಿ ಓಣಿ ಕಣ್ರಿ. 1898ರ ಪ್ಲೇಗಿನ ಆಸುಪಾಸಿನಲ್ಲಿ ಎದ್ದ ಈ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಬಿಟ್ಟ ದಾರಿ. ಕಕ್ಕಸಿನ ಮಲ ಬಾಚೋರು ಮುಂಬಾಗಿಲ ರಸ್ತೆಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ. 1970ರ ದಶಕದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ ಮಲ ಹೊರುವ ಪದ್ಧತಿಗೆ ತಡೆ ಹಾಕಿದರು. ಓಣಿ ಹಾಗೇ ಉಳಿದಿದೆ. ನಮ್ಮ ದೊಡ್ಡಮ್ಮ ಪೌರಕಾರ್ಮಿಕರಾಗಿದ್ದರು. ಇಂಥ ಬೀದಿಗಳ ಯಾವ ಮನೆಗೆ ಎಷ್ಟು ಜನ ಅಂತ ಕಸ ನೋಡಿ ಹೇಳೋರು. ಒಂದು ಮನೆಯ ಜಗಲಿಯನ್ನೂ ಹತ್ತಿರಲಿಲ್ಲ.

ಮಧ್ಯಾಹ್ನ ಆ ಓಣಿಯ ಮೆಟ್ಟಿಲ ಮೇಲೆ ಹೋಟೆಲ್ಲಿನ ಹೌಸ್‌ಕೀಪಿಂಗ್ ಹುಡುಗ ಬುತ್ತಿ ಬಿಚ್ಚಿ ಕೂತಿದ್ದ. ಒಳಗೆ ಯಾಕೆ ತಿನ್ನಲ್ಲ ಅಂದೆ. "ಒಳಗೆ ನಮಗೆ ಜಾಗ ಇಲ್ಲ ಸರ್" ಅಂದ. ಕಂಟ್ರಾಕ್ಟ್ ಕೆಲಸ. ಪಿಎಫ್ ಇದೆಯಾ ಅಂದರೆ ಅವನಿಗೇ ಗೊತ್ತಿಲ್ಲ. ನನ್ನ ಫೋನಿನ ಮೇಲಿನ ಬಾಬಾಸಾಹೇಬರ ಚಿತ್ರ ನೋಡಿ ಮೆಲ್ಲಗೆ "ಜೈ ಭೀಮ್ ಸರ್" ಅಂದ. ಸುತ್ತ ನೋಡಿಯೇ ಅಂದದ್ದು.

ನಾನು ಹೋಗಿದ್ದು ತಪ್ಪಾ? ಖಂಡಿತಾ ಅಲ್ಲ. ನಮ್ಮ ಮಕ್ಕಳು ಇನ್ನೂ ಹೋಗಲಿ, ಮೆತ್ತನೆ ಹಾಸಿಗೆಯಲ್ಲಿ ಮಲಗಲಿ, ಫೋಟೋನೂ ಹಾಕಲಿ. ಹಿಂದಿನ ಕಿಟಕಿಯನ್ನೂ ಒಮ್ಮೆ ತೆಗೆದು ನೋಡಲಿ. ಹೊರಡುವಾಗ ಹೋಟೆಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ ನಾನು ಬರೆದದ್ದು ಎರಡೇ ಸಾಲು: ಕಾಫಿ ಚೆನ್ನಾಗಿತ್ತು. ನಿಮ್ಮ ಕೆಲಸದವರಿಗೆ ಒಳಗೆ ಕೂತು ಉಣ್ಣೋಕೆ ಒಂದು ಟೇಬಲ್ ಹಾಕಿ.

ಕಾಮೆಂಟು ಮಾಡೋ ಅಣ್ಣಂದಿರೇ, ಮುಂದಿನ ಸಲ ನೀವು ಅಂಥ ಕಡೆ ಹೋದಾಗ ಈ ಎರಡನೇ ಸಾಲನ್ನ ಬರೆದು ಬನ್ನಿ. ಆಮೇಲೆ ನನ್ನ ಐಷಾರಾಮದ ಲೆಕ್ಕ ಕೇಳಿ.

ಜೈ ಭೀಮ್.