ಅಂಕ ಕಮ್ಮಿ ಇದೆ, ಅರ್ಜಿ ಎಲ್ಲಿಗೆ?

ನೀಟ್‌ನಲ್ಲಿ 'ಕ್ವಾಲಿಫೈ' ಅಂದ ಕೂಡಲೇ ಸ್ವೀಟ್ ಹಂಚುತ್ತೇವೆ. ಅದು ಸೀಟಲ್ಲ ಮಾರಾಯ್ರೇ, ಕೌನ್ಸೆಲಿಂಗ್‌ಗೆ ಕೂರುವ ಅರ್ಹತೆ ಅಷ್ಟೇ. ಅಂಕ ಕಮ್ಮಿಯಿದ್ದರೆ ಮೊದಲು ಕೆಇಎಯ ಕಳೆದ ವರ್ಷದ ಕೊನೆಯ ಸುತ್ತಿನ ಕಟಾಫ್ ತೆಗೆದು 2ಬಿ ಕಾಲಂ ನೋಡಿ. ಮಂಗಳೂರೇ ಬೇಕೆಂಬ ಹಟದಲ್ಲಿ ಗದಗ, ಹಾವೇರಿ, ಚಾಮರಾಜನಗರವನ್ನು ಆಪ್ಶನ್‌ನಲ್ಲಿ ಹಾಕದೆ ಕೈ ಸುಟ್ಟುಕೊಂಡವರಿದ್ದಾರೆ. ದೇರಳಕಟ್ಟೆಯ ಡೀಮ್ಡ್ ವಿವಿಗಳಿಗೆ ಕೆಇಎ ಅರ್ಜಿ ಸಾಲದು, ಎಂಸಿಸಿಯಲ್ಲಿ ಬೇರೆ ನೋಂದಣಿ ಬೇಕು. 2ಬಿ ಅಲ್ಲಿ ನಡೆಯದು, ಫೀಸೂ ಬೇರೆಯೇ ಲೆಕ್ಕ. ಊರಿನ ಜಾಗ ಮಾರುವ ಮೊದಲು ನಾಲ್ಕೂವರೆ ವರ್ಷದ ಫೀಸು, ಹಾಸ್ಟೆಲ್ ಕೂಡಿಸಿ ನೋಡಿ.

ವಿದೇಶವೆಂದರೆ ಏಜೆಂಟರು ನೀಟ್ ಬೇಡ ಅಂತಾರೆ. ಸುಳ್ಳು. 2021ರ ನಿಯಮದಂತೆ ಕನಿಷ್ಠ 54 ತಿಂಗಳ ಕೋರ್ಸ್, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ. ಇವನ್ನು ಬರಹದಲ್ಲಿ ಕೊಡದವನಿಗೆ ಅಡ್ವಾನ್ಸ್ ಕೊಡಬೇಡಿ.