ಚುಟ್ಟಕ್ಕೆ ಪಟ್ಟಾಭಿಷೇಕ

ಕಳೆದ ತಿಂಗಳು ಹಿರಿಯೂರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟವಾದ ಮೇಲೆ ಅವನು ನನ್ನನ್ನು ಮಹಡಿಗೆ ಕರೆದೊಯ್ದು ಮರದ ಪೆಟ್ಟಿಗೆಯೊಂದನ್ನು ತೆರೆದ. ಒಳಗೆ ಕ್ಯೂಬಾ ದೇಶದ ಸಿಗಾರುಗಳು. ಒಂದೊಂದಕ್ಕೂ ಸೊಂಟಕ್ಕೆ ಡಾಬು ಕಟ್ಟಿದಂತೆ ಚಿನ್ನದ ಬಣ್ಣದ ಪಟ್ಟಿ. ಪೆಟ್ಟಿಗೆಯ ಗಾಳಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ತೇವ ಇರಲೇಬೇಕಂತೆ. ಅದನ್ನು ಅಳೆಯಲು ಮುಚ್ಚಳದಲ್ಲಿ ಗಡಿಯಾರದಂಥ ಮಾಪಕವೂ ಇತ್ತು. 1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲೆಂದು 2022ರವರೆಗೆ ಕಾದ ಸೀಮೆಯಲ್ಲಿ ಒಣಗಿದ ಎಲೆಗೆ ಇಷ್ಟು ತೇವದ ಉಪಚಾರ ನಡೆಯುವುದನ್ನು ಕಂಡು ನನಗೆ ನಗು ಬಂತು.

"ಮೇಷ್ಟ್ರೇ, ಇದು ಚಟವಲ್ಲ, ಕಲೆ" ಎಂದ ಅವನು. "ಹೊಗೆಯನ್ನು ಒಳಕ್ಕೆ ಎಳೆಯಬಾರದು. ಬಾಯಲ್ಲಿ ಆಡಿಸಿ ಬಿಡಬೇಕು. ಮೊದಲು ಮರದ ರುಚಿ, ಆಮೇಲೆ ಕಾಫಿ, ಕೊನೆಗೆ ಚರ್ಮದ ವಾಸನೆ. ಇದನ್ನೆಲ್ಲ ಹೇಳೋಕೆ ನಮ್ಮ ಕನ್ನಡದಲ್ಲಿ ಪದಗಳೇ ಇಲ್ಲ ನೋಡಿ."

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನ ಎದುರು ಆಡುವ ಮಾತೇ ಇದು? ಆದರೂ ದಾಕ್ಷಿಣ್ಯಕ್ಕೆ ಒಂದನ್ನು ಹಚ್ಚಿದೆ. ಓದುಗರಲ್ಲಿ ಸುಳ್ಳು ಹೇಳಲಾರೆ: ಮೊದಮೊದಲು ಚೆನ್ನಾಗಿಯೇ ಇತ್ತು. ಹುರಿದ ಕಾಫಿಬೀಜದ ನೆನಪು ತರುವ ಮೆದುವಾದ ಹೊಗೆ, ನಾಲಗೆಯ ಅಂಚಿನಲ್ಲಿ ಸಣ್ಣಗೆ ಸಿಹಿ. ಅರ್ಧ ದಾಟುವ ಹೊತ್ತಿಗೆ ಮೆಣಸಿನ ಕಾರ, ಅದರ ಬೆನ್ನಿಗೆ ಒಗರು. ಕೊನೆಗೆ ಹಣೆಯಲ್ಲಿ ಬೆವರು, ತಲೆಸುತ್ತು. ಹೊಗೆಯನ್ನು ಒಳಕ್ಕೆ ಎಳೆಯದಿದ್ದರೂ ಸಿಗಾರಿನ ನಿಕೋಟಿನ್ ಬಾಯಿಯ ತೆಳುಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. ದೊಡ್ಡ ಸಿಗಾರು ಒಂದರಲ್ಲಿ ಒಂದು ಪೊಟ್ಟಣ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ಕಲೆಯೆಂದು ಹೆಸರಿಟ್ಟ ಮಾತ್ರಕ್ಕೆ ಎಲೆ ತನ್ನ ಗುಣ ಬಿಡುವುದಿಲ್ಲ.

ಇನ್ನು ಪದಗಳ ಮಾತು. ಹೊಸದುರ್ಗ ತಾಲ್ಲೂಕಿನ ನಮ್ಮೂರಲ್ಲಿ ತಾತ ಬೇಸಾಯಗಾರ, ಚುಟ್ಟದ ಭಕ್ತ. ಹೊಳಲ್ಕೆರೆಯ ಸಂತೆಯಲ್ಲಿ ಹೊಗೆಸೊಪ್ಪಿನ ಎಸಳನ್ನು ಮೂಗಿಗೆ ಹಿಡಿದು, ತುದಿ ಮುರಿದು, ನಾಲಗೆಗೆ ಸೋಕಿಸಿ ತೀರ್ಪು ಹೇಳುತ್ತಿದ್ದ: ಇದು ಕಾರ, ಇದು ಸಪ್ಪೆ, ಇದು ಒಗರು, ಇದು ಘಾಟು ಜಾಸ್ತಿ, ಇದು ಮುಗ್ಗಲು ಹಿಡಿದಿದೆ. ಸಹಿ ಹಾಕಲೂ ಬಾರದ ಮನುಷ್ಯನಿಗೆ ಪದಗಳ ಬಡತನವೆಂಬುದು ಇರಲಿಲ್ಲ. ಸಿಗಾರಿನ ಒಡಹುಟ್ಟಾದ ಚಿರೂಟಿಗೆ ಇಂಗ್ಲಿಷರು ಹೆಸರನ್ನು ಪಡೆದದ್ದೇ ತಮಿಳಿನ 'ಸುರುಟ್ಟು' ಎಂಬುದರಿಂದ. ನಮ್ಮ 'ಸುರುಟು', 'ಸುರುಳಿ' ಅದೇ ಮನೆತನದವು. ತಿರುಚಿರಾಪಳ್ಳಿಯ ಸಿಗಾರು 1887ರಲ್ಲಿ ಪ್ರಕಟವಾದ ಷರ್ಲಾಕ್ ಹೋಮ್ಸನ ಮೊದಲ ಕಾದಂಬರಿಯಲ್ಲೇ ತನ್ನ ಬೂದಿಯಿಂದ ಗುರುತು ಸಿಕ್ಕಿ ಪತ್ತೇದಾರಿಗೆ ನೆರವಾಯಿತು. ಕೊಟ್ಟ ಮನೆಯವರು ನಾವು. ಅದೇ ಸರಕು ಪಟ್ಟಿ ಕಟ್ಟಿಕೊಂಡು ಹಡಗಿನಲ್ಲಿ ಮರಳಿ ಬಂದರೆ ಪರಮಾಶ್ಚರ್ಯವೆಂದು ಕೈಮುಗಿಯುತ್ತೇವೆ.

ಈ ಮರುಳು ಹೊಸದೂ ಅಲ್ಲ. ಅಕ್ಬರನ ದೂತ ಅಸದ್ ಬೇಗ್ ಹೊಗೆಸೊಪ್ಪನ್ನು ಮೊದಲು ಕಂಡದ್ದು ನಮ್ಮ ಬಿಜಾಪುರದಲ್ಲಿ. 1604ರ ಸುಮಾರಿಗೆ ಅದನ್ನು ಆಗ್ರಾಕ್ಕೆ ಒಯ್ದಾಗ ಬರಿಯ ಎಲೆಯನ್ನು ಒಯ್ಯಲಿಲ್ಲ. ರತ್ನ ಕೆತ್ತಿದ ನಳಿಗೆ ಮಾಡಿಸಿ ಬಾದಶಹನ ಮುಂದಿಟ್ಟ. ಆಸ್ಥಾನದ ವೈದ್ಯ ಬೇಡವೆಂದ. ಅಕ್ಬರ್ ಒಂದೆರಡು ಸಲ ಎಳೆದು ನೋಡಿ ತಾನಂತೂ ರೂಢಿಸಿಕೊಳ್ಳಲಿಲ್ಲ. ಅಮೀರರು ಬಿಡಲಿಲ್ಲ. 1617ರಲ್ಲಿ ಜಹಾಂಗೀರ್ ನಿಷೇಧಿಸಿದರೂ ಅದು ನಿಲ್ಲಲಿಲ್ಲ. ಅಂದು ರತ್ನದ ನಳಿಗೆ ಮಾಡಿದ ಕೆಲಸವನ್ನೇ ಇಂದು ಚಿನ್ನದ ಪಟ್ಟಿ ಮಾಡುತ್ತಿದೆ.

ಹಣ ಅವನದು, ಬಾಯಿ ಅವನದು, ನಿಮಗೇಕೆ ಉರಿ ಎಂದು ಯಾರಾದರೂ ಕೇಳಬಹುದು. ಕಾರಣವಿದೆ. ಚಿತ್ರದುರ್ಗದ ಕಾಲೇಜೊಂದರಲ್ಲಿ ಶಿಸ್ತುಸಮಿತಿಯ ಸದಸ್ಯನಾಗಿ ಕುಳಿತವನು ನಾನು. ಕಟ್ಟಡದ ಹಿಂದೆ ಬೀಡಿ ಹಚ್ಚಿದ ಹುಡುಗನೊಬ್ಬನ ತಂದೆಯನ್ನು ಕರೆಸಿದ್ದೆವು. ಕೂಲಿಯನ್ನು ಬಿಟ್ಟು ಬಂದ ಆತ ಕೈಕಟ್ಟಿ ನಿಂತಿದ್ದ. ಅವನ ಅಂಗಿಯ ಜೇಬಿನಲ್ಲೂ ಬೀಡಿಯ ಕಟ್ಟು ಇಣುಕುತ್ತಿತ್ತು. "ಮಗನಿಗೆ ಇಂಥ ಕೀಳು ಚಟ ಕಲಿಸಿದ್ದೀರಲ್ಲ" ಎಂದು ಆತನಿಗೆ ಉಪದೇಶ ಮಾಡಿದವನು ನಾನೇ. ಅದೇ ನಾನು ಹಿರಿಯೂರಿನ ಮಹಡಿಯಲ್ಲಿ ಶಿಷ್ಯನ ಕೈಯಿಂದಲೇ ಬೆಂಕಿ ಪಡೆದು ಸೋಫಾಕ್ಕೆ ಒರಗಿದೆ. ಅಲ್ಲಿ ಚಟವಾದದ್ದು ಇಲ್ಲಿ ಆಸ್ವಾದವಾಯಿತು! ತರಗತಿಯಲ್ಲಿ ರಸ, ಆಸ್ವಾದ, ಸಹೃದಯ ಎಂದು ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಆ ಮಾತುಗಳು ಬೆಲೆಚೀಟಿ ನೋಡಿಕೊಂಡು ಒಬ್ಬನ ಬಾಯಿಗೆ ಒಲಿದು ಇನ್ನೊಬ್ಬನ ಬಾಯಿಗೆ ಮುನಿಯುತ್ತವೆಂದು ಯಾವ ಮೀಮಾಂಸಕನೂ ಹೇಳಿಲ್ಲ.

ಈ ವಿಷಯದಲ್ಲಿ ನಮ್ಮ ಸಂಸತ್ತೇ ನಮಗಿಂತ ನಿಷ್ಪಕ್ಷಪಾತವಾಗಿ ವರ್ತಿಸಿತು. 1966ರಲ್ಲಿ ಅದು ಮಾಡಿದ ಕಾನೂನಿನ ಹೆಸರಿನಲ್ಲೇ ಬೀಡಿ ಕಾರ್ಮಿಕರೂ ಸಿಗಾರ್ ಕಾರ್ಮಿಕರೂ ಜೊತೆಯಾಗಿ ಕುಳಿತಿದ್ದರು. ಹೊಗೆಸೊಪ್ಪಿನ ದೂಳು ಸುತ್ತುವವರ ಎದೆಗೆ ಇಳಿಯುವಾಗ ಇದು ಬೀಡಿಯದೋ ಸಿಗಾರಿನದೋ ಎಂದು ಕೇಳುವುದಿಲ್ಲ.

ತಾತನ ಕಥೆ ಅರ್ಧಕ್ಕೆ ನಿಲ್ಲಿಸಿದೆ. ಅವನ ಕೆನ್ನೆಯ ಒಳಗೆ ಹುಣ್ಣಾಯಿತು. ಬೆಂಗಳೂರಿಗೆ ಕರೆದೊಯ್ದರು; ಹೊತ್ತು ಮೀರಿತ್ತು. ಕೊನೆಯ ತಿಂಗಳು ಅಜ್ಜಿ ರಾಗಿ ಅಂಬಲಿಯನ್ನು ಚಮಚದಲ್ಲಿ ಕುಡಿಸುತ್ತಿದ್ದಳು. ಉಪ್ಪು ಸಾಕೇ ಎಂದು ಕೇಳಿದರೆ ತಾತ ತಲೆಯಲ್ಲಾಡಿಸುತ್ತಿದ್ದ, ಅವನಿಗೆ ತಿಳಿಯುತ್ತಿರಲಿಲ್ಲ. ಸಂತೆಯಲ್ಲಿ ಎಸಳಿನ ಕುಲಗೋತ್ರ ಹೇಳುತ್ತಿದ್ದ ನಾಲಗೆಗೆ ಉಪ್ಪು ಗೊತ್ತಾಗದೆ ಹೋಯಿತು.

ನನ್ನ ವಾದ ಇಷ್ಟೇ. ಸೇದುವವರು ಸೇದಲಿ, ಬಿಡುವವರು ಬಿಡಲಿ. ಹೊಗೆಗೆ ಎರಡು ಹೆಸರು ಬೇಡ. ಸಿಗಾರಿನ ರುಚಿಗೆ ಕನ್ನಡದಲ್ಲಿ ಪದವಿಲ್ಲವೆಂದ ನನ್ನ ಶಿಷ್ಯನಿಗೆ ಆ ದಿನ ಉತ್ತರ ಹೇಳದೆ ಬಂದೆ. ಈಗ ಹೇಳುತ್ತಿದ್ದೇನೆ: ಪದ ಇದೆಯಪ್ಪ, ಚಟ. ಆ ಕೂಲಿಯವನ ಮುಂದೆ ಅದನ್ನು ನಾನು ಎಷ್ಟು ಗಟ್ಟಿಯಾಗಿ ಆಡಿದೆನೋ ನಿನ್ನ ಮುಂದೆಯೂ, ನನ್ನ ಮುಂದೆಯೂ ಅಷ್ಟೇ ಗಟ್ಟಿಯಾಗಿ ಆಡಬೇಕಾಗಿತ್ತು.